ಗಟ್ಟಿ ಸೌಂಡಿಗೂ ಮೊದಲು ಗಟ್ಟಿ ಬೋಲ್ಟು

ಎಲ್ಲರಿಗೂ ನಮಸ್ಕಾರ. ಮದುವೆ, ಸಭೆ ನಡೆಯುವ ಹಾಲುಗಳಿಗೆ ಸ್ಪೀಕರ್ ಬಾಕ್ಸ್ ಹಾಕುವುದು ನನ್ನ ಕೆಲಸ. ಯಾವ ಬಾಕ್ಸ್ ಕೊಳ್ಳಬೇಕು, ಅದನ್ನು ಬೀಳದ ಹಾಗೆ ಹೇಗೆ ತೂಗಬೇಕು ಅನ್ನುವುದೇ ಇವತ್ತಿನ ಮಾತು.

ಮಾತು ಶುರು ಮಾಡುವ ಮೊದಲು ಒಂದು ಸಣ್ಣ ಪರೀಕ್ಷೆ. ಕೊನೆಯ ಮೂರು ಸಾಲಿನಲ್ಲಿ ಕೂತಿರುವವರು ದಯವಿಟ್ಟು ಒಂದು ಚೀಟಿ ತೆಗೆದುಕೊಳ್ಳಿ. ನಾನು ಬಾಯಿಗೆ ಕಾಗದ ಅಡ್ಡ ಹಿಡಿದು ನಾಲ್ಕು ಪದ ಹೇಳುತ್ತೇನೆ. ಕೇಳಿಸಿದ್ದನ್ನು ಬರೆಯಿರಿ. ಪಕ್ಕದವರದ್ದು ನೋಡಬೇಡಿ.

ಆಯಿತಾ? ನಾನು ಹೇಳಿದ್ದು ತಾಯಿ, ಕಾಯಿ, ನಾಯಿ, ಬಾಯಿ. ಹಿಂದೆ ಯಾರೋ ನಗುತ್ತಿದ್ದಾರೆ. ತಾಯಿ ಇದ್ದ ಜಾಗದಲ್ಲಿ ನಾಯಿ ಬಂದಿರಬೇಕು.

ನಗು ಇರಲಿ, ಇಲ್ಲಿ ವಿಷಯ ಇದೆ. ಈ ನಾಲ್ಕು ಪದಗಳಲ್ಲೂ "ಆಯಿ" ಒಂದೇ. ಅದರಲ್ಲಿ ಸ್ವರವೇ ಹೆಚ್ಚು, ಅದಕ್ಕೆ ಬಲ ಜಾಸ್ತಿ. ಹಾಲಿನ ಕೊನೆಗೂ ಹೋಗುತ್ತದೆ, ಗೋಡೆಗೆ ಬಡಿದು ವಾಪಸ್ಸೂ ಬರುತ್ತದೆ. ಅರ್ಥ ಬದಲಾಯಿಸುವುದು ಮೊದಲಿನ ವ್ಯಂಜನ. ಅದು ತುಂಬಾ ಮೆಲ್ಲಗಿನದು, ಒಂದು ಕ್ಷಣ ಇದ್ದು ಹೋಗುತ್ತದೆ. ಹಿಂದಿನ ಪದದ "ಆಯಿ" ಇನ್ನೂ ಗುಂಯ್‌ಗುಡುತ್ತಿರುವಾಗ ಮುಂದಿನ ಪದದ "ತ" ಅದರೊಳಗೆ ಮುಳುಗಿ ಹೋಗುತ್ತದೆ. ಒತ್ತಕ್ಷರಗಳ ಕಥೆ ಇನ್ನೂ ಕಷ್ಟ. ಆಗ ಹಾಲ್ ನಡೆಸುವ ಟ್ರಸ್ಟಿನವರು ನನ್ನಂಥವರಿಗೆ ಫೋನ್ ಮಾಡಿ ಹೇಳುವುದು ಒಂದೇ ಮಾತು: "ಇನ್ನೂ ಗಟ್ಟಿ ಸೌಂಡ್ ಬೇಕು, ದೊಡ್ಡ ಬಾಕ್ಸ್ ಹಾಕಿ."

ಕನ್ನಡದಲ್ಲಿ ಗಟ್ಟಿ ಅನ್ನುವ ಪದಕ್ಕೆ ಎರಡು ಅರ್ಥ ಇದೆಯಲ್ವಾ? ಜೋರು ಅನ್ನುವುದು ಒಂದು, ಭದ್ರ ಅನ್ನುವುದು ಇನ್ನೊಂದು. ನನ್ನನ್ನು ಕರೆಸುವವರೆಲ್ಲ ಮೊದಲನೆಯದನ್ನು ಕೇಳುತ್ತಾರೆ. ಎರಡನೆಯದನ್ನು ಯಾರೂ ಕೇಳುವುದಿಲ್ಲ. ಹಾಗಾಗಿ ನಾನು ಅದರಿಂದಲೇ ಶುರು ಮಾಡುತ್ತೇನೆ.

ನನ್ನದೇ ತಪ್ಪಿನ ಕಥೆ. ಶಾಮಿಯಾನ ಅಂಗಡಿಯಲ್ಲಿ ವೈರ್ ಸುತ್ತುತ್ತಾ ಕೆಲಸ ಕಲಿತವನು ನಾನು. ಸ್ವಂತ ಕೆಲಸ ಶುರು ಮಾಡಿದ ಹೊಸತು. ಮಲೆನಾಡಿನ ಒಂದು ಊಟದ ಹಾಲಿಗೆ ಎರಡು ಬಾಕ್ಸ್ ತೂಗಿಸಿದೆ. ಒಂದೊಂದೂ ಸುಮಾರು 25 ಕಿಲೋ. ಜಿಐ ವೈರನ್ನು ನಾಲ್ಕು ಎಳೆ ಮಾಡಿ, ಹುರಿ ಹೊಸೆದು, ಬಾಕ್ಸಿನ ಹ್ಯಾಂಡಲ್‌ಗೆ ಕಟ್ಟಿ ತೊಲೆಗೆ ಬಿಗಿದೆ. ವೈರ್ ಹಿಡಿದು ಜೋತಾಡಿಯೂ ನೋಡಿದೆ. ಎರಡು ಮಳೆಗಾಲ ಏನೂ ಆಗಲಿಲ್ಲ. ಒಂದು ದಿನ ಬೆಳಿಗ್ಗೆ ಫೋನ್ ಬಂತು. ಹೋಗಿ ನೋಡಿದರೆ ವೈರ್ ಹಾಗೇ ಇದೆ, ನನ್ನ ಗಂಟೂ ಹಾಗೇ ಇದೆ. ಅದರ ತುದಿಯಲ್ಲಿ ಹ್ಯಾಂಡಲ್ ನೇತಾಡುತ್ತಿದೆ. ಬಾಕ್ಸ್ ಮಾತ್ರ ಕೆಳಗೆ, ಊಟದ ಟೇಬಲ್ಲು ಎರಡು ಹೋಳು. ಹ್ಯಾಂಡಲ್‌ನ ನಾಲ್ಕು ಸ್ಕ್ರೂಗಳ ಎಳೆಯಲ್ಲಿ ಪ್ಲೈವುಡ್ಡಿನ ಪುಡಿ ತುಂಬಿಕೊಂಡಿತ್ತು. ಬಾಕ್ಸು ಪ್ರತಿ ಹಾಡಿಗೂ ಒಂದೊಂದು ಕೂದಲೆಳೆ ನಡುಗಿ, ಸ್ಕ್ರೂಗಳು ಮರವನ್ನು ತಿಂದು ಹೊರಗೆ ಬಂದಿದ್ದವು. ಬಿದ್ದದ್ದು ರಾತ್ರಿ, ಯಾರೂ ಇರಲಿಲ್ಲ. ಅಷ್ಟೇ ನನ್ನ ಪುಣ್ಯ.

5 ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟಲು ಒಂದು ಸೆಕೆಂಡು ಸಾಕು. ಮುಟ್ಟುವಾಗ ಅದರ ವೇಗ ಗಂಟೆಗೆ 35 ಕಿಲೋಮೀಟರ್. ಅಷ್ಟರಲ್ಲಿ ತಲೆ ಎತ್ತಿ ನೋಡುವುದಕ್ಕೂ ಆಗುವುದಿಲ್ಲ.

ಹ್ಯಾಂಡಲ್ ಇರುವುದು ಹೊರುವುದಕ್ಕೆ, ತೂಗುವುದಕ್ಕೆ ಅಲ್ಲ. ಗೋಡೆಗೆ ಅಥವಾ ಸೀಲಿಂಗಿಗೆ ಹಾಕಲೆಂದೇ ಮಾಡಿದ ಬಾಕ್ಸಿನಲ್ಲಿ ಎಂ8 ಅಥವಾ ಎಂ10 ಬೋಲ್ಟ್, ಅಂದರೆ 8 ಅಥವಾ 10 ಮಿಲಿಮೀಟರ್ ದಪ್ಪದ ಬೋಲ್ಟ್ ಕೂರುವ ಮರೆಗಳು ಇರುತ್ತವೆ. ಮರೆ ಅಂದರೆ ಒಳಗೆ ತಿರುಪಿನ ಎಳೆ ಇರುವ ತೂತು. ಒಳಗಡೆ ಕಬ್ಬಿಣದ ಪಟ್ಟಿ ಇರುತ್ತದೆ. ಕೊಳ್ಳುವಾಗ ಮೊದಲು ಅದನ್ನು ನೋಡಿ. ಇಲ್ಲದಿದ್ದರೆ ಆ ಬಾಕ್ಸ್ ಸ್ಟ್ಯಾಂಡಿನ ಮೇಲೆ ಇಡುವುದಕ್ಕೆ ಮಾತ್ರ. ಎಷ್ಟೇ ಕಡಿಮೆ ಬೆಲೆಗೆ ಸಿಕ್ಕಿದರೂ ತೂಗಬೇಡಿ. ಮನೆಯಲ್ಲೇ ಡ್ರಿಲ್ ಹಾಕಿ ಮರೆ ಕೊರೆಯುವವರೂ ಇದ್ದಾರೆ. ಅವರಿಗೆ ಕೈ ಮುಗಿಯುತ್ತೇನೆ.

ತೂಕದ ಲೆಕ್ಕ ಹೀಗೆ. 25 ಕಿಲೋ ಬಾಕ್ಸಿಗೆ 25 ಕಿಲೋ ತಡೆಯುವ ಬೋಲ್ಟ್ ಸಾಲದು. ಕಂಪನ ಇದೆ, ತುಕ್ಕು ಇದೆ, ದೀಪಾವಳಿಗೆ ಸೀರಿಯಲ್ ಲೈಟ್ ಕಟ್ಟಲು ಹುಡುಗ ಅದಕ್ಕೇ ಏಣಿ ಒರಗಿಸುತ್ತಾನೆ. ಕನಿಷ್ಠ 5 ಪಟ್ಟು ಬಲ ಇರಲೇಬೇಕು. ಕೆಳಗೆ ಜನ ಕೂರುತ್ತಾರೆ ಅಂದರೆ ನಾನು 10 ಪಟ್ಟು ಹಿಡಿಯುತ್ತೇನೆ. ಅಂದರೆ ಕೊಂಡಿ, ಸರಪಳಿ, ಕಾಂಕ್ರೀಟಿನೊಳಗೆ ಕಚ್ಚಿಕೊಳ್ಳುವ ಆಂಕರ್ ಬೋಲ್ಟ್ ಎಲ್ಲವೂ 250 ಕಿಲೋ ತಡೆಯಬೇಕು. ಅದರ ಜೊತೆಗೆ, ಮುಖ್ಯ ಕಟ್ಟು ಬಿಟ್ಟರೂ ಬಾಕ್ಸನ್ನು ಹಿಡಿದುಕೊಳ್ಳಲು ಇನ್ನೊಂದು ಸೇಫ್ಟಿ ವೈರ್. ಅದು ಬಾಕ್ಸಿನ ಬೇರೆ ಮರೆಯಿಂದ ಹೊರಟು, ಬೇರೆ ಆಂಕರ್‌ಗೆ ಹೋಗಬೇಕು. ಎರಡನ್ನೂ ಒಂದೇ ಬೋಲ್ಟಿಗೆ ಸಿಕ್ಕಿಸಿದರೆ ಬೋಲ್ಟು ಬಂದಾಗ ಎರಡೂ ಒಟ್ಟಿಗೆ ಬರುತ್ತವೆ. ಆ ವೈರ್ ಸಡಿಲವಾಗಿ ಜೋಲುವುದೂ ಬೇಡ. ಬಾಕ್ಸು ಒಂದು ಅಡಿ ಬಿದ್ದು ಜಗ್ಗಿದರೆ ವೈರಿನ ಮೇಲೆ ಅದರ ತೂಕದ ಎಷ್ಟೋ ಪಟ್ಟು ಬಲ ಬೀಳುತ್ತದೆ.

ಇಲ್ಲಿ ನನ್ನ ಕೈಯಲ್ಲಿ ಎರಡು ಕೊಂಡಿ ಬೋಲ್ಟ್, ಅಂದರೆ ತಲೆಯಲ್ಲಿ ಬಳೆ ಇರುವ ಬೋಲ್ಟ್ ಇವೆ, ಮುಂದಿನವರು ನೋಡಿ ಹಿಂದಕ್ಕೆ ದಾಟಿಸಿ. ಮೊದಲನೆಯದು ಸರಳನ್ನು ಬಗ್ಗಿಸಿ ಮಾಡಿದ್ದು. ಬಗ್ಗಿಸಿದ ತುದಿ ಎಲ್ಲಿ ಬಂದು ಕೂಡುತ್ತದೋ ಅಲ್ಲಿ ಸಂದು ಕಾಣುತ್ತದೆ, ಉಗುರು ಹೋಗುತ್ತದೆ. ಜಗ್ಗಿದರೆ ಬಾಯಿ ಬಿಡುತ್ತದೆ. ತೊಟ್ಟಿಲು ಕಟ್ಟಲೂ ನಾನು ಅದನ್ನು ಒಪ್ಪುವುದಿಲ್ಲ. ಎರಡನೆಯದರಲ್ಲಿ ಸಂದೇ ಇಲ್ಲ, ಕೊಂಡಿಯ ಬುಡದಲ್ಲಿ ಒಂದು ಅಗಲ ಭುಜ ಇದೆ, ಮೇಲೆ ಎಷ್ಟು ತೂಕ ಅಂತ ಅಚ್ಚು ಹಾಕಿದ್ದಾರೆ. ತಗೊಳ್ಳಬೇಕಾದ್ದು ಇದು. ಆದರೆ ಇದನ್ನೂ ನೇರವಾಗಿ ಜಗ್ಗಬೇಕು. 45 ಡಿಗ್ರಿ ಓರೆಯಾಗಿ ಎಳೆದರೆ ಅಚ್ಚು ಹಾಕಿದ ಬಲದಲ್ಲಿ ಹೆಚ್ಚೂಕಡಿಮೆ ಮೂರನೇ ಒಂದು ಭಾಗ ಉಳಿಯುತ್ತದೆ, ಅಷ್ಟೇ. ನಟ್ಟು ಅಂದರೆ ನೈಲಾನ್ ಉಂಗುರ ಇರುವ ಲಾಕ್ ನಟ್ಟು. ಬರೀ ನಟ್ಟು ಕಂಪನಕ್ಕೆ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಬೋಲ್ಟು ಗಟ್ಟಿ ಇದ್ದರೆ ಸಾಲದು, ಗೋಡೆಯೂ ಗಟ್ಟಿ ಇರಬೇಕು. ಆರ್‌ಸಿಸಿ ತೊಲೆ ಸಿಕ್ಕಿದರೆ ಪುಣ್ಯ, ಆಂಕರ್ ಬೋಲ್ಟ್ ಚೆನ್ನಾಗಿ ಹಿಡಿಯುತ್ತದೆ. ಅಂಚಿಗೆ ತೀರಾ ಹತ್ತಿರ ಕೊರೆಯಬೇಡಿ, ಕಾಂಕ್ರೀಟ್ ಬಿರಿಯುತ್ತದೆ. ನಮ್ಮ ಕಡೆ ಜಂಬಿಟ್ಟಿಗೆ, ಅಂದರೆ ಮುರಕಲ್ಲಿನ ಗೋಡೆ ಜಾಸ್ತಿ. ಅದರೊಳಗೆ ತೂತು, ಮಣ್ಣು. ಅಲ್ಲಿ ಆಂಕರ್ ಬೋಲ್ಟ್ ಬಿಗಿ ಮಾಡಿದಷ್ಟೂ ಸುತ್ತಲಿನ ಕಲ್ಲೇ ಪುಡಿಯಾಗುತ್ತದೆ. ಹಾಲೋ ಬ್ಲಾಕ್ ಗೋಡೆಯದೂ ಇದೇ ಪಾಡು. ಅಂಥ ಕಡೆ ನಾನು ಗೋಡೆಯ ಆಚೆಯ ಮಗ್ಗುಲಿಗೂ ತೂತು ಹೊಡೆದು, ಉದ್ದ ಬೋಲ್ಟ್ ದಾಟಿಸಿ, ಹಿಂದೆ ಅಗಲವಾದ ಕಬ್ಬಿಣದ ಪ್ಲೇಟು ಕೊಟ್ಟು ಕಟ್ಟುತ್ತೇನೆ. ನೋಡಲು ಚಂದ ಇರುವುದಿಲ್ಲ, ಮಾಲೀಕರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ. ಶೀಟಿನ ಮಾಡಾದರೆ ಅದನ್ನು ಹೊತ್ತ ಕಬ್ಬಿಣದ ಟ್ರಸ್ಸಿನಲ್ಲಿ ಕಂಬಿಗಳು ಕೂಡುವ ಜಾಗಕ್ಕೆ ತೂಗಬೇಕು, ಶೀಟು ಹೊತ್ತಿರುವ ತೆಳು ಪಟ್ಟಿಗೆ ಅಲ್ಲ. ಅದೂ ಎಂಜಿನಿಯರಿಗೆ ತೋರಿಸಿ ಆದ ಮೇಲೆ. ಫಾಲ್ಸ್ ಸೀಲಿಂಗಿನ ಚೌಕಟ್ಟಿಗೆ ಏನನ್ನೂ ತೂಗಬೇಡಿ, ಮೂರು ಕಿಲೋದ ಸೀಲಿಂಗ್ ಸ್ಪೀಕರಿಗೂ ಮೇಲಿನ ಆರ್‌ಸಿಸಿಯಿಂದಲೇ ಒಂದು ವೈರ್ ಇಳಿಸಿ. ಕರಾವಳಿಯಿಂದ ಬಂದವರಿಗೆ ಒಂದೇ ಮಾತು: ಉಪ್ಪುಗಾಳಿಗೆ ಮಾಮೂಲಿ ಬೋಲ್ಟ್ ನಿಲ್ಲುವುದಿಲ್ಲ, 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೇಳಿ ತಗೊಳ್ಳಿ.

ಈಗ ಯಾವ ಬಾಕ್ಸ್ ಅನ್ನುವ ಪ್ರಶ್ನೆಗೆ ಬರೋಣ.

ಅಂಗಡಿಗೆ ಹೋದರೆ ಮೊದಲು ಕೇಳುವುದು "ಎಷ್ಟು ವ್ಯಾಟ್?" ಹಿಂದೆ ಟೇಪ್ ರೆಕಾರ್ಡರಿನ ಮೇಲೆ 1200 ವ್ಯಾಟ್ ಪಿಎಂಪಿಒ, ಅಂದರೆ ಒಂದು ಕ್ಷಣದ ಮಟ್ಟಿಗಿನ ಗರಿಷ್ಠ ಬಲ, ಅಂತ ಬರೆದಿರುತ್ತಿತ್ತು, ನೆನಪಿದೆಯಾ? ನಾಲ್ಕು ಸೆಲ್ಲಿನಲ್ಲಿ ಓಡುವ ಡಬ್ಬಕ್ಕೆ 1200 ವ್ಯಾಟ್! ಈಗಿನ ದೊಡ್ಡ ಬಾಕ್ಸುಗಳಲ್ಲೂ ಅದರ ತಮ್ಮಂದಿರು ಇದ್ದಾರೆ. ಪೀಕ್ 1000 ಅಂತ ಬರೆದಿದ್ದರೆ, ಅದೇ ಬಾಕ್ಸ್ ಹೊತ್ತುಗಟ್ಟಲೆ ತಡೆಯುವುದು ಸಾಮಾನ್ಯವಾಗಿ 250. ನೋಡಬೇಕಾದ ಅಂಕಿ ಬೇರೆ. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಶಬ್ದದ ಜೋರು ಎಷ್ಟು ಡೆಸಿಬಲ್ ಬರುತ್ತದೆ ಅನ್ನುವುದು. 96 ಬರುವ ಬಾಕ್ಸಿಗೆ 100 ವ್ಯಾಟ್ ಕೊಟ್ಟರೆ ಆಗುವ ಕೆಲಸಕ್ಕೆ 90 ಬರುವ ಬಾಕ್ಸಿಗೆ 400 ವ್ಯಾಟ್ ಬೇಕು. ಕಿವಿಗೆ ಎರಡು ಪಟ್ಟು ಜೋರು ಅನಿಸಬೇಕಾದರೆ ವ್ಯಾಟ್ ಸುಮಾರು ಹತ್ತು ಪಟ್ಟು ಆಗಬೇಕು. ದುಡ್ಡು ಎಲ್ಲಿ ಹೋಗುತ್ತದೆ ಗೊತ್ತಾಯಿತಲ್ಲ.

ಎರಡನೇ ಅಂಕಿ, ಶಬ್ದ ಎಷ್ಟು ಅಗಲಕ್ಕೆ ಹರಡುತ್ತದೆ ಅನ್ನುವುದು. 90 ಗುಣಿಸು 60 ಡಿಗ್ರಿ ಅಂತೆಲ್ಲ ಬರೆದಿರುತ್ತಾರೆ, ಅಂದರೆ ಅಕ್ಕಪಕ್ಕ 90, ಮೇಲೆ ಕೆಳಗೆ 60. ಇದನ್ನು ತಿಳಿಯಲು ನಾನು ಟಾರ್ಚ್ ಬಳಸುತ್ತೇನೆ. ಹಾಲಿನ ದೀಪ ಆರಿಸಿ, ಏಣಿ ಹತ್ತಿ, ಬಾಕ್ಸ್ ಬರುವ ಜಾಗದಿಂದ ಟಾರ್ಚ್ ಬಿಡಿ. ಕುರ್ಚಿಗಳ ಮೇಲೆ ಬಿದ್ದ ಬೆಳಕು ಮಾತಾಗುತ್ತದೆ. ಹಿಂದಿನ ಗೋಡೆ, ಸೀಲಿಂಗಿನ ಮೇಲೆ ಬಿದ್ದದ್ದು ಗದ್ದಲವಾಗಿ ವಾಪಸ್ ಬರುತ್ತದೆ. ನಮ್ಮ ಮದುವೆ ಹಾಲುಗಳಲ್ಲಿ ಬಾಕ್ಸುಗಳನ್ನು ಓರೆ ಮಾಡದೆ ಗೋಡೆಗೆ ನೆಟ್ಟಗೆ ಬಡಿದಿರುತ್ತಾರೆ. ಶಬ್ದದ ಅರ್ಧ ಪಾಲು ಎದುರು ಗೋಡೆಗೆ ಅರ್ಪಣೆ.

ಎತ್ತರದ ಲೆಕ್ಕವೂ ಮಜವಾಗಿದೆ. ದೂರ ಎರಡು ಪಟ್ಟಾದಾಗೆಲ್ಲ ನೇರ ಶಬ್ದ 6 ಡೆಸಿಬಲ್ ಇಳಿಯುತ್ತದೆ. ಬಾಕ್ಸನ್ನು ಕಿವಿಯ ಮಟ್ಟಕ್ಕೇ ಇಟ್ಟು, ಮೊದಲ ಸಾಲು 3 ಮೀಟರಿಗೆ, ಕೊನೆಯದು 24 ಮೀಟರಿಗೆ ಇದ್ದರೆ ವ್ಯತ್ಯಾಸ 18. ಮುಂದಿನವರು ಕಿವಿ ಮುಚ್ಚಿಕೊಳ್ಳುತ್ತಾರೆ, ಹಿಂದಿನವರು ಕಿವಿಗೆ ಕೈ ಕೊಟ್ಟು ಕೂರುತ್ತಾರೆ. ಅದೇ ಬಾಕ್ಸನ್ನು ಕಿವಿಯಿಂದ 4 ಮೀಟರ್ ಮೇಲೆ ಏರಿಸಿ. ಈಗ ಮೊದಲ ಸಾಲಿಗೆ ದೂರ 5 ಮೀಟರ್ ಆಯಿತು, ಕೊನೆಗೆ 24ರ ಆಸುಪಾಸೇ. ವ್ಯತ್ಯಾಸ ಸುಮಾರು 14ಕ್ಕೆ ಇಳಿಯಿತು. ಮೂತಿಯನ್ನು ಹಿಂದಿನ ಸಾಲುಗಳ ಕಡೆ ಬಗ್ಗಿಸಿದರೆ ಇನ್ನೂ ಇಳಿಯುತ್ತದೆ. ಒಂದು ವ್ಯಾಟೂ ಖರ್ಚಿಲ್ಲ.

ಉದ್ದ ಹಾಲಿಗೆ ಮುಂದೆ ದೊಡ್ಡದು ಹಾಕುವುದಕ್ಕಿಂತ ನಡುವೆ ಇನ್ನೊಂದು ಸಣ್ಣ ಜೋಡಿ ಹಾಕುವುದು ಮೇಲು. ಆದರೆ ಅದಕ್ಕೆ ತಡ ಕೊಡಬೇಕು, ಅಂದರೆ ಅದರ ಶಬ್ದ ಸ್ವಲ್ಪ ತಡವಾಗಿ ಹೊರಡುವ ಹಾಗೆ ಮಾಡಬೇಕು. ಶಬ್ದ ಒಂದು ಮೀಟರ್ ಹೋಗಲು ಸುಮಾರು 3 ಮಿಲಿಸೆಕೆಂಡ್ ತಗೊಳ್ಳುತ್ತದೆ. ಜೋಡಿ 15 ಮೀಟರ್ ದೂರದಲ್ಲಿದ್ದರೆ 45, ಮೇಲೆ ಒಂದು 10 ಸೇರಿಸಿ. ಆಗ ಕಿವಿಗೆ ಮಾತು ವೇದಿಕೆಯಿಂದಲೇ ಬಂದ ಹಾಗೆ ಅನಿಸುತ್ತದೆ. ಈಗಿನ ಡಿಜಿಟಲ್ ಮಿಕ್ಸರುಗಳಲ್ಲಿ ಇದು ಸಾಮಾನ್ಯವಾಗಿ ಇರುತ್ತದೆ. ತಡ ಕೊಡದೆ ಹಾಕಿದರೆ ಭಾಷಣಕಾರ ಎರಡೆರಡು ಸಲ ಮಾತಾಡಿದ ಹಾಗೆ ಕೇಳುತ್ತದೆ. ಒಂದು ಸಲವೇ ಸಾಕಾಗಿರುತ್ತದೆ ಅಲ್ವಾ.

ಗುಂಯ್‌ಗುಡುವ ಹಾಲಿಗೆ ನನ್ನ ಆಯ್ಕೆ ಕಾಲಂ ಸ್ಪೀಕರ್. ಸಪೂರ, ಉದ್ದ, ಅಕ್ಕಪಕ್ಕ ಹರಡುತ್ತದೆ, ಮೇಲೆ ಕೆಳಗೆ ಕಡಿಮೆ. ಸೀಲಿಂಗಿಗೆ ಶಬ್ದ ಹೆಚ್ಚು ಹೋಗುವುದಿಲ್ಲ. ಒಂದು ಕಡೆ ಜಾಗ ಚಂದ ಕಾಣಲಿ ಅಂತ ಅದನ್ನು ಬಾಗಿಲ ಮೇಲೆ ಅಡ್ಡ ಮಲಗಿಸಿದ್ದರು. ಆಗ ಎಲ್ಲ ಉಲ್ಟಾ, ಪಕ್ಕಕ್ಕೆ ಹೋಗಬೇಕಾದ್ದು ಮೇಲೆ ಹೋಯಿತು. ಈಗ ಲೈನ್ ಅರೇ ಫ್ಯಾಷನ್. ನಾಲ್ಕು ಬಾಕ್ಸ್ ಒಂದರ ಕೆಳಗೊಂದು ತೂಗಿದ ಮಾತ್ರಕ್ಕೆ ಮದುವೆ ಹಾಲಿನಲ್ಲಿ ಅದರ ಲಾಭ ಸಿಗುವುದಿಲ್ಲ, ಮೇಲಿನ ಭಾರ ಮಾತ್ರ ಏರುತ್ತದೆ.

ಹಾಲೇ ಗುಂಯ್ ಅಂದರೆ ಸ್ಪೀಕರ್ ಒಬ್ಬನೇ ಏನು ಮಾಡುತ್ತಾನೆ? 1895ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಹೊಸ ಉಪನ್ಯಾಸ ಕೊಠಡಿಯೊಂದರಲ್ಲಿ ಮಾತೇ ಅರ್ಥವಾಗುತ್ತಿರಲಿಲ್ಲ. ಒಂದು ಪದ ಐದೂವರೆ ಸೆಕೆಂಡು ಉಳಿಯುತ್ತಿತ್ತು. ವಾಲೇಸ್ ಸಬೀನ್ ಅನ್ನುವ ತರುಣ ಮೇಷ್ಟ್ರು ಪಕ್ಕದ ರಂಗಮಂದಿರದ ಕುರ್ಚಿಯ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು, ಒಂದೊಂದೇ ಇಟ್ಟು ಅಳೆದರು. ಮೆತ್ತೆ ಹೆಚ್ಚಿದ ಹಾಗೆ ಗುಂಯ್ ಕಡಿಮೆಯಾಯಿತು. ಇಂದಿಗೂ ಲೆಕ್ಕಕ್ಕೆ ಅವರದೇ ಸೂತ್ರ. ನಾವು ನೆಲಕ್ಕೆ ಗ್ರಾನೈಟ್, ಗೋಡೆಗೆ ಟೈಲ್ಸ್ ಹಾಕಿ ಹೊಳೆಯಿಸುತ್ತೇವೆ. ಹಿಂದಿನ ಗೋಡೆಗೆ ದಪ್ಪ ಪರದೆ ನೆರಿಗೆ ಹಿಡಿದು ಹಾಕಿ, ಆಮೇಲೆ ಬಾಕ್ಸಿನ ಮಾತಾಡೋಣ.

ವೈರಿಂಗ್ ಬಗ್ಗೆ ಬೇಗ ಹೇಳಿಬಿಡುತ್ತೇನೆ. ದೇವಸ್ಥಾನದ ಪ್ರಾಂಗಣ, ಶಾಲೆಯಂಥ ದೂರದ ಓಟಕ್ಕೆ 100 ವೋಲ್ಟ್ ಲೈನ್ ಒಳ್ಳೆಯದು, ಅಂದರೆ ಹೆಚ್ಚು ವೋಲ್ಟಿನಲ್ಲಿ ಶಬ್ದ ಕಳಿಸಿ, ಪ್ರತಿ ಸ್ಪೀಕರಿನಲ್ಲೂ ಟ್ರಾನ್ಸ್‌ಫಾರ್ಮರ್ ಇಟ್ಟು ಇಳಿಸುವುದು. ಹತ್ತು ಸ್ಪೀಕರಿಗೆ ತಲಾ 20 ವ್ಯಾಟ್ ಅಂದರೆ 200, ಅದಕ್ಕೆ 250ರ ಆಂಪ್ಲಿಫೈಯರ್ ಇಡಿ. ಆ ಲೈನಿಗೆ ಟ್ರಾನ್ಸ್‌ಫಾರ್ಮರ್ ಇಲ್ಲದ ಮಾಮೂಲಿ 8 ಓಮ್ ಬಾಕ್ಸ್ ನೇರ ಸಿಕ್ಕಿಸಬೇಡಿ, ಸುಡುತ್ತದೆ. 8 ಓಮ್ ಬಾಕ್ಸುಗಳನ್ನು ಸಮಾನಾಂತರವಾಗಿ ನಾಲ್ಕು ಸೇರಿಸಿದರೆ 2 ಓಮ್, ಬಹಳಷ್ಟು ಆಂಪ್ಲಿಫೈಯರುಗಳು ತಡೆಯುವುದಿಲ್ಲ. ಸ್ಪೀಕರಿನಲ್ಲಿ ಹಮ್, ಅಂದರೆ ಕರೆಂಟಿನ ಮೊರೆತ ಬರುತ್ತದೆ ಅಂತ ಪ್ಲಗ್ಗಿನ ಅರ್ಥ್ ಪಿನ್ ಮುರಿಯುವ ಚಾಳಿ ಇದೆ. ಮೈಕ್ ಹಿಡಿದ ಮನುಷ್ಯನ ಪ್ರಾಣಕ್ಕೆ ಅದು ಬರುತ್ತದೆ. ಹಮ್‌ಗೆ ಆಡಿಯೋ ವೈರಿನ ನಡುವೆ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ. ಕರೆಂಟಿನ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ಕಡಿಯುವ ಸ್ವಿಚ್ ಇರಲಿ.

ಇನ್ನು ಗಟ್ಟಿಮೇಳ. ಪುರೋಹಿತರ ಮೈಕ್ ಪಕ್ಕದಲ್ಲೇ ನಾಗಸ್ವರ, ಡೋಲು ಕೂತಿರುತ್ತವೆ. "ಗಟ್ಟಿಮೇಳ, ಗಟ್ಟಿಮೇಳ" ಅಂದ ಕೂಡಲೇ ಆಂಪ್ಲಿಫೈಯರಿನ ಕೆಂಪು ದೀಪ ಹತ್ತುತ್ತದೆ, ಆರುವುದೇ ಇಲ್ಲ. ಆ ಎರಡು ನಿಮಿಷದಲ್ಲೇ ಟ್ವೀಟರ್, ಅಂದರೆ ಬಾಕ್ಸಿನಲ್ಲಿ ಕೀರಲು ಸ್ವರ ಹೊರಡಿಸುವ ಸಣ್ಣ ಸ್ಪೀಕರ್, ಸುಡುವುದು. ಮಧ್ಯಾಹ್ನ ಯಾರೋ "ಮಾತು ಕಂಬಳಿ ಹೊದ್ದ ಹಾಗಿದೆಯಲ್ಲಪ್ಪಾ" ಅಂದಾಗ ಗೊತ್ತಾಗುತ್ತದೆ. ಶಬ್ದ ಮಿತಿ ಮೀರದಂತೆ ತಡೆಯುವ ಲಿಮಿಟರ್ ಹಾಕಿ. ಆ ಹೊತ್ತಿಗೆ ಮೈಕನ್ನು ಇಳಿಸಲು ಒಬ್ಬ ಹುಡುಗ ಇರಲಿ. ನಾಗಸ್ವರಕ್ಕೆ ನಮ್ಮ ಸಹಾಯ ಬೇಡ.

ಕಾನೂನೂ ನೆನಪಿರಲಿ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಇಲ್ಲ. ಮುಚ್ಚಿದ ಸಭಾಭವನದ ಒಳಗೆ ವಿನಾಯಿತಿ ಇದೆ. ಆದರೆ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಕಿಟಕಿ ತೆರೆದಿಟ್ಟು ಒಳಗೇ ಇದೆ ಅಂದರೆ ಪಕ್ಕದ ಮನೆಯವರು ಒಪ್ಪುವುದಿಲ್ಲ. ಬಾಕ್ಸಿನ ಮೂತಿ ಕಿಟಕಿ ಕಡೆ ಇಲ್ಲದ ಹಾಗೆ ನೋಡಿಕೊಂಡರೆ ಅರ್ಧ ಜಗಳ ಕಡಿಮೆ.

ಕಾಫಿ ಬಂದಿದೆ ಅಂತ ಕೈ ಮಾಡುತ್ತಿದ್ದಾರೆ. ಹೋಗುವ ಮೊದಲು ಒಮ್ಮೆ ತಲೆ ಎತ್ತಿ. ಈ ಹಾಲಿನ ಎಡಗಡೆಯ ಬಾಕ್ಸ್ ಕಾಣುತ್ತಿದೆಯಲ್ಲ, ಅದಕ್ಕೆ ಸೇಫ್ಟಿ ವೈರ್ ಇಲ್ಲ. ಬೆಳಿಗ್ಗೆ ಬಂದಾಗಲೇ ನೋಡಿದೆ. ಅದಕ್ಕೇ ಕೆಳಗಿನ ಆರು ಕುರ್ಚಿಗಳನ್ನು ಖಾಲಿ ಬಿಡಿಸಿದ್ದು, ಮುಖ್ಯ ಅತಿಥಿಗಳಿಗೆ ಅಂತ ಅಲ್ಲ. ಏಣಿ ತರಿಸಿದ್ದೇನೆ. ಕಾಫಿ ಕುಡಿದು ಬನ್ನಿ, ಇಬ್ಬರು ಏಣಿ ಹಿಡಿಯಲಿ, ಒಬ್ಬರು ಟಾರ್ಚ್ ಬಿಡಲಿ. ಅದರ ಬೋಲ್ಟ್ ಎಂಥದ್ದು ಅಂತ ಒಟ್ಟಿಗೇ ನೋಡೋಣ.