ಮ್ಯೂಟ್ ಒತ್ತಿದ ಮೇಲೆ

ಎಲ್ಲರಿಗೂ ನಮಸ್ಕಾರ. ನವೆಂಬರ್ ಕಾರ್ಯಕ್ರಮ ಅಂದರೆ ನುಡಿಯ ಬಗ್ಗೆ ಮಾತು ಇರುತ್ತದೆ. ನಾನು ಇವತ್ತು ದನಿಯ ಬಗ್ಗೆ ಮಾತಾಡುತ್ತೇನೆ. ಈ ತಿಂಗಳ ಮೊದಲ ಭಾನುವಾರ ಅಮೆರಿಕದವರು ಗಡಿಯಾರ ಹಿಂದಕ್ಕೆ ತಿರುಗಿಸಿದರು. ಅಲ್ಲಿನ ಕ್ಲೈಂಟ್ ಜೊತೆಗಿನ ನಿಮ್ಮ ರಾತ್ರಿ 8:30ರ ಕಾಲ್ 9:30ಕ್ಕೆ ಹೋಯಿತು, ಅಲ್ವಾ? ಆ ಹೊತ್ತಿನಲ್ಲೂ ದನಿ ಮಾತ್ರ ಬೆಳಗಿನ ದನಿಯೇ ಆಗಿರಬೇಕು.

ಹಿಂದೆ ನಾನು ಐಟಿ ಕಂಪನಿಯ ಸಪೋರ್ಟ್ ಟೀಮಿನಲ್ಲಿದ್ದೆ. ಪಕ್ಕದ ಸೀಟಿನಲ್ಲಿ ಹಾಸನದ ಕಡೆಯ ಒಬ್ಬ ಹುಡುಗಿ. ಒಂದು ರಾತ್ರಿ ಎರಡೂವರೆ ಗಂಟೆ. ಕ್ಲೈಂಟಿನ ಸರ್ವರ್ ಬಿದ್ದಿದೆ. ಆ ಕಡೆಯಿಂದ ಬೈಗುಳ. ತಪ್ಪು ಇವಳದ್ದಲ್ಲ, ಬೇರೆ ಟೀಮಿನದು. ಅದನ್ನು ಹೇಳುವ ಹಾಗೂ ಇಲ್ಲ. ಮ್ಯೂಟ್ ಒತ್ತಿದಳು. ದುಪಟ್ಟಾದ ಅಂಚಿನಲ್ಲಿ ಮೂಗು ಒರೆಸಿಕೊಂಡಳು. ಸ್ಟೀಲ್ ಬಾಟಲಿಯಿಂದ ಎರಡು ಗುಟುಕು ನೀರು ಕುಡಿದಳು. ಗಂಟಲು ಸರಿಮಾಡಿಕೊಂಡು ಮ್ಯೂಟ್ ತೆಗೆದಳು. 'ಐ ಅಂಡರ್‌ಸ್ಟ್ಯಾಂಡ್, ಸರ್.' ದನಿಯಲ್ಲಿ ಚೂರೂ ನಡುಕ ಇಲ್ಲ.

ಕಾಲ್ ಮುಗಿದ ಮೇಲೆ ಮೂರು ಸಾಲಿನ ಸ್ಕ್ರಿಪ್ಟ್ ಬರೆಯಬೇಕಿತ್ತು. ಮುಕ್ಕಾಲು ಗಂಟೆ ಹಿಡಿಯಿತು. ಬೇರೆ ದಿನ ಆಗಿದ್ದರೆ ಟೀ ಆರುವುದರೊಳಗೆ ಮುಗಿಸುತ್ತಿದ್ದಳು.

ಕ್ಲೈಂಟ್ ರೇಗಿದಾಗಲೆಲ್ಲ ಅವಳನ್ನೇ ಕೂರಿಸುತ್ತಿದ್ದರು. 'ನೀನು ಚೆನ್ನಾಗಿ ಮಾತಾಡ್ತೀಯ' ಅಂತ. ಅಪ್ರೈಸಲ್‌ನಲ್ಲಿ ಬಂದ ಮಾತು, 'ಟೆಕ್ನಿಕಲ್ ಡೆಪ್ತ್ ಸಾಲದು.' ಕೋಡ್ ಮುಟ್ಟುವುದಕ್ಕೆ ಬಿಟ್ಟರೆ ತಾನೇ ಆಳ ಬರುವುದು! ಆ ತಾಳ್ಮೆಯೂ ಕೆಲಸವೇ. ಅದು ಲೆಕ್ಕಕ್ಕೆ ಬರಬೇಕು.

ಇದಕ್ಕೆ 'ಎಮೋಷನಲ್ ಲೇಬರ್', ಅಂದರೆ ಭಾವನೆಯ ದುಡಿಮೆ, ಅಂತ ಹೆಸರು ಕೊಟ್ಟವರು ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್. 1983ರಲ್ಲಿ ಗಗನಸಖಿಯರ ನಗುವನ್ನು ಇಟ್ಟುಕೊಂಡು ಬರೆದರು. ಸಂಬಳಕ್ಕಾಗಿ ಭಾವನೆ ತಿದ್ದಿಕೊಳ್ಳುವುದೂ ದುಡಿಮೆಯೇ ಅಂದರು. ಅದರಲ್ಲಿ ಎರಡು ಬಗೆ. ಒಳಗೆ ಕುದಿಯುತ್ತಾ ಮುಖಕ್ಕೆ ನಗು ಅಂಟಿಸಿಕೊಳ್ಳುವುದು ಒಂದು. 'ಪಾಪ, ಅವನಿಗೂ ಮೇಲಿನಿಂದ ಒತ್ತಡ' ಅಂತ ನಿಜವಾಗಿ ಮನಸ್ಸು ತಿರುಗಿಸಿಕೊಳ್ಳುವುದು ಇನ್ನೊಂದು. ಮೊದಲನೆಯದು ಮನುಷ್ಯನನ್ನು ಜಾಸ್ತಿ ಸುಸ್ತು ಮಾಡುತ್ತದೆ ಅಂತ ಆಮೇಲಿನ ಅಧ್ಯಯನಗಳು ಮತ್ತೆ ಮತ್ತೆ ಹೇಳಿವೆ. ರಾತ್ರಿ ಎರಡೂವರೆಗೆ ಎರಡನೆಯದು ಯಾರ ಕೈಲಾಗುತ್ತದೆ, ಹೇಳಿ?

2024ರ ಜುಲೈನಲ್ಲಿ ಕರ್ನಾಟಕದಲ್ಲಿ ಐಟಿಯವರಿಗೆ ದಿನಕ್ಕೆ 14 ಗಂಟೆ ಕೆಲಸದ ಪ್ರಸ್ತಾಪ ಬಂತು. ಐಟಿ ನೌಕರರ ಸಂಘ ಬೀದಿಗಿಳಿಯಿತು, ಸರಿಯಾಗಿಯೇ ಮಾಡಿತು. ಗಂಟೆಗಳನ್ನಾದರೂ ಎಣಿಸಬಹುದು. ಮ್ಯೂಟ್ ಒತ್ತಿದ ಆ ಅರ್ಧ ನಿಮಿಷವನ್ನು ಎಣಿಸುವವರು ಯಾರು? ಅದಕ್ಕೇ ಮತ್ತೆ ಹೇಳುತ್ತಿದ್ದೇನೆ, ಅದು ಲೆಕ್ಕಕ್ಕೆ ಬರಬೇಕು.

ಸಮಯ ಆಯಿತು ಅಂತ ಚೀಟಿ ಬಂದಿದೆ. ಮನೆಯಿಂದಲೇ ಕೆಲಸ ಮಾಡುವವರ ವಿಷಯ ಹೇಳಬೇಕಿತ್ತು, ಇನ್ನೊಮ್ಮೆ ಆಗಲಿ. ಇಲ್ಲಿ ಮ್ಯಾನೇಜರ್‌ಗಳು ತುಂಬಾ ಜನ ಇದ್ದೀರಿ. ಬೈಗುಳದ ಕಾಲ್ ಆದ ಮೇಲೆ ಅದನ್ನು ಕೇಳಿಸಿಕೊಂಡವರಿಗೆ ಒಂದು ಗಂಟೆ ಬಿಡುವು ಕೊಡಿ. ಆ ಕಾಲ್‌ಗಳನ್ನು ಸರದಿಯ ಮೇಲೆ ಹಂಚಿ. ಅಪ್ರೈಸಲ್ ಫಾರ್ಮಿನಲ್ಲಿ ಆ ತಾಳ್ಮೆಗೊಂದು ಸಾಲು ಬರೆಯಿರಿ. ಈ ಡಿಸೆಂಬರ್‌ನಲ್ಲೇ ಶುರು ಮಾಡಬಹುದು.