ಅಳತೆಯ ಜೊತೆ ಜಗಳ

ಅಧ್ಯಕ್ಷರೇ, ವಾಚನಾಲಯದ ಬಳಗದವರೇ, ಈ ಸೆಕೆಯಲ್ಲಿ ಫ್ಯಾನಿನ ಕೆಳಗಿನ ಕುರ್ಚಿ ಹಿಡಿಯಲು ಅರ್ಧ ತಾಸು ಮೊದಲೇ ಬಂದ ಹಿರಿಯರೇ,

ಇದು ಏಪ್ರಿಲ್ ತಿಂಗಳು. ಈಗ ಮನೆ ತೆರಿಗೆ ಕಟ್ಟಿದರೆ ನೂರಕ್ಕೆ 5 ರೂಪಾಯಿ ರಿಯಾಯಿತಿ. ಜೂನ್ ಮುಗಿದರೆ ತಿಂಗಳಿಗೆ ನೂರಕ್ಕೆ 2 ರೂಪಾಯಿ ದಂಡ. ಹಾಗಾಗಿ ನಾವೆಲ್ಲ ಓಡಿ ಹೋಗಿ ಕಟ್ಟುತ್ತೇವೆ. ಓಡುವವನು ಓದುವುದಿಲ್ಲ. ಚಲನ್ನಿನ ಕೊನೆಯ ಸಾಲಿನ ಮೊತ್ತ ನೋಡಿ, ‘ಅಯ್ಯೋ, ಈ ಸಲವೂ ಏರಿಸಿದರು’ ಎಂದು ಹಣೆ ಚಚ್ಚಿಕೊಂಡು, ಚಹಾ ಕುಡಿದು ಮನೆಗೆ ಬರುತ್ತೇವೆ. ನನ್ನ ತಕರಾರು ಆ ಕೊನೆಯ ಸಾಲಿನ ಮೇಲಲ್ಲ, ಮನೆಯ ಅಳತೆ ಬರೆದ ಮೊದಲ ನಾಲ್ಕು ಸಾಲುಗಳ ಮೇಲೆ.

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ತೆರಿಗೆಯ ಜೊತೆ ಜಗಳ ಹೊಸದಲ್ಲ. ಮುಂಬಯಿ ಪ್ರಾಂತ್ಯದ ಕಾಲದಲ್ಲಿ, 1930ರ ಆಸುಪಾಸು, ಅಂಕೋಲೆ ಮತ್ತು ಸಿದ್ದಾಪುರದ ರೈತರು ಕರನಿರಾಕರಣೆ ಮಾಡಿ ಹೊಲ ಮನೆ ಕಳೆದುಕೊಂಡವರು. ಆ ಹೆಸರನ್ನು ಹೇಳಿಕೊಂಡು ನಾವು ಘರಪಟ್ಟಿ, ಅಂದರೆ ಮನೆ ತೆರಿಗೆ, ಕಟ್ಟದೆ ಕುಳಿತರೆ ಅದು ಸತ್ಯಾಗ್ರಹವಲ್ಲ, ಬಾಕಿ. ನಾನು ಹೇಳುವುದು ಬಹಳ ಸಣ್ಣ ಸಂಗತಿ. ದರದ ಜೊತೆ ಜಗಳ ಆಡಬೇಡಿ, ಅಳತೆಯ ಜೊತೆ ಆಡಿ.

ದರ ನಿಗದಿಯಾಗುವುದು ಬೇರೆ ಕಡೆ. ಸರ್ಕಾರದ ಕಾಯ್ದೆ ಮಿತಿ ಹೇಳುತ್ತದೆ, ಆ ಮಿತಿಯೊಳಗೆ ನಾವು ನಗರಸಭೆಗೋ ಪುರಸಭೆಗೋ ಆರಿಸಿ ಕಳಿಸಿದ ಸದಸ್ಯರು ಸಭೆಯಲ್ಲಿ ನಿರ್ಣಯ ಮಾಡುತ್ತಾರೆ. ತೆರಿಗೆಯ ಲೆಕ್ಕಕ್ಕೆ ಹಿಡಿಯುವ ಜಾಗದ ಮಾರ್ಗಸೂಚಿ ಬೆಲೆ ಉಪನೋಂದಣಾಧಿಕಾರಿಯ ಕಚೇರಿಯ ಕಡೆಯಿಂದ ಬರುತ್ತದೆ. ಅದರ ಕರಡು ಹೊರಬಂದಾಗ ಆಕ್ಷೇಪಣೆ ಕರೆಯುತ್ತಾರೆ. ಆಗ ನಾವು ಯಾರೂ ಹೋಗುವುದಿಲ್ಲ, ಆ ಮಾತು ಬಿಡಿ. ಕೌಂಟರಿನಲ್ಲಿ ಕುಳಿತ ಹುಡುಗನ ಮೇಲೆ ದರಕ್ಕಾಗಿ ಕೂಗಾಡಿದರೆ ಅವನೇನು ಮಾಡಬೇಕು? ಆದರೆ ನಿಮ್ಮ ಮನೆ ಎಷ್ಟು ಉದ್ದ, ಎಷ್ಟು ಅಗಲ, ಹಂಚಿನದೋ ಆರ್‌ಸಿಸಿಯದೋ, ಎಷ್ಟು ವರ್ಷ ಹಳೆಯದು, ಅದರಲ್ಲಿ ನೀವು ವಾಸವಾಗಿದ್ದೀರೋ ಅಂಗಡಿ ಇಟ್ಟಿದ್ದೀರೋ ಎನ್ನುವುದು ಯಾವ ಸಭೆಯ ನಿರ್ಣಯವೂ ಅಲ್ಲ. ಅಲ್ಲಿ ತಪ್ಪಿದ್ದರೆ ತಿದ್ದಲೇಬೇಕು.

ನನ್ನ ಅಕ್ಕನ ಕತೆ ಹೇಳುತ್ತೇನೆ. ಘಟ್ಟದ ಮೇಲಿನ ಒಂದು ಪೇಟೆಯಲ್ಲಿ ಅವಳ ಮನೆ. ಊರಿನ ಹೆಸರು ಹೇಳಿದರೆ ಮುಂದಿನ ವರ್ಷ ಉಪ್ಪಿನಕಾಯಿ ಕಳಿಸುವುದಿಲ್ಲ ಎಂದು ಎಚ್ಚರಿಕೆ ಕೊಟ್ಟಿದ್ದಾಳೆ. ಭಾವನ ತಂದೆಯ ಕಾಲದ ಹಂಚಿನ ಮನೆ. ಅಂಗಳದ ಒಂದು ಬದಿಗೆ ಮಳೆಗಾಲಕ್ಕೆಂದು ತಗಡಿನ ಮಾಡು. ಮೇಲೆ ಅಟ್ಟ. ಗೇಟಿನಲ್ಲಿ ಒಂದು ಬೋರ್ಡು: ‘ಇಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಸಿಗುತ್ತದೆ’. ಒಂದು ವರ್ಷ ತೆರಿಗೆ ಇದ್ದಕ್ಕಿದ್ದಂತೆ ಮೂರು ಪಟ್ಟಿನ ಹತ್ತಿರ ಹೋಯಿತು. ಅಕ್ಕ ಫೋನಿನಲ್ಲಿ ಬೈದ ಬೈಗುಳವನ್ನು ಈ ಸಭೆಯಲ್ಲಿ ಹೇಳುವಂತಿಲ್ಲ.

ನಾನು ನಿವೃತ್ತ ಗಣಿತದ ಮಾಸ್ತರ. ಲೆಕ್ಕ ಎಂದರೆ ಸೊಂಟ ಕಟ್ಟಿಕೊಂಡು ಹೊರಟುಬಿಡುತ್ತೇನೆ. ಕಚೇರಿಯಲ್ಲಿ ಕಾಲು ತಾಸು ಭಾಷಣ ಮಾಡಿದೆ. ಕಂದಾಯ ವಿಭಾಗದವರು ಎಲ್ಲ ಕೇಳಿಸಿಕೊಂಡು, ಕಡತ ತೆಗೆದು, ಒಂದು ಹಾಳೆಯನ್ನು ನನ್ನತ್ತ ತಿರುಗಿಸಿದರು. ‘ಸರ್, ಇದು ನಾವು ಬರೆದದ್ದಲ್ಲ. ಸಹಿ ನಿಮ್ಮ ಅಕ್ಕನವರದ್ದೇ ಅಲ್ಲವೇ?’

ಅವಳದ್ದೇ. 2002-03ರಿಂದ ನಮ್ಮಲ್ಲಿ ಇರುವುದು ಸ್ವಯಂ ಘೋಷಿತ ಆಸ್ತಿ ತೆರಿಗೆ. ಮನೆ ಇಷ್ಟಿದೆ ಎಂದು ನಾವೇ ಬರೆದುಕೊಡುವುದು. ಅಕ್ಕ ಏನು ಮಾಡಿದ್ದಳು? ಕಚೇರಿಯ ಹೊರಗೆ ಅರ್ಜಿ ತುಂಬಿಕೊಡುವವನಿಗೆ ಇನ್ನೂರು ರೂಪಾಯಿ ಕೊಟ್ಟು, ಖಾಲಿ ಫಾರ್ಮಿಗೆ ಸಹಿ ಹಾಕಿ, ಬಸ್ಸಿಗೆ ಹೊತ್ತಾಯಿತೆಂದು ಬಂದುಬಿಟ್ಟಿದ್ದಳು. ಅವನು ಪುಣ್ಯಾತ್ಮ ಮನೆಗೆ ಬಂದು ನೋಡಿದ್ದೂ ಉಂಟು, ರಸ್ತೆಯಲ್ಲಿ ನಿಂತು. ಅಟ್ಟ ಮೊದಲ ಮಹಡಿಯಾಯಿತು. ಅಡಿಕೆ ಒಣಗಿಸುವ ತಗಡಿನ ಮಾಡು ಕಟ್ಟಡವಾಯಿತು. ಬೋರ್ಡು ನೋಡಿದ ಮೇಲೆ ಇಡೀ ಮನೆಯೇ ವಾಣಿಜ್ಯ!

ಇಷ್ಟಕ್ಕೇ ಮುಗಿಯುವುದಿಲ್ಲ. ತೆರಿಗೆಯ ಮೇಲೆ ಉಪಕರಗಳಿವೆ: ನೂರಕ್ಕೆ ಆರೋಗ್ಯದ್ದು 15, ಗ್ರಂಥಾಲಯದ್ದು 6, ಭಿಕ್ಷುಕರ ಪುನರ್ವಸತಿಯದು 3. ಅಂದರೆ ಒಂದು ತಪ್ಪು ನೂರು ರೂಪಾಯಿ ಹೋಗಿ ನೂರ ಇಪ್ಪತ್ತನಾಲ್ಕಾಗುತ್ತದೆ. ಅಕ್ಕ ತನ್ನ ಅಟ್ಟಕ್ಕೂ ಗ್ರಂಥಾಲಯ ಕರ ಕೊಟ್ಟಿದ್ದಾಳೆ. ಅಲ್ಲಿ ಹಳೆಯ ಪಂಚಾಂಗಗಳನ್ನು ಇಲಿಗಳು ನಿಜಕ್ಕೂ ಶ್ರದ್ಧೆಯಿಂದ ಮುಗಿಸುತ್ತಿದ್ದವು.

ತಕರಾರು ಅರ್ಜಿ ಕೊಟ್ಟೆವು. ಭಾಷಣವಿಲ್ಲದ ಅರ್ಜಿ, ಒಂದೇ ಪುಟ. ಫಾರ್ಮಿನಲ್ಲಿ ಬರೆದ ಅಳತೆ ಇದು, ನಿಜವಾದ ಅಳತೆ ಇದು, ಕೈಯಲ್ಲಿ ಗೀಚಿದ ನಕ್ಷೆ ಇದು, ಫೋಟೋ ಇವು, ಹಳೆಯ ರಸೀದಿಗಳು ಇವು, ದಯವಿಟ್ಟು ಸ್ಥಳ ತನಿಖೆ ಮಾಡಿ. ಜುಲೈ ತಿಂಗಳ ಮಳೆಯಲ್ಲಿ ತನಿಖೆಗೆ ಬಂದರು. ಬಂದವರು ಎತ್ತರದ ಆಳು. ಏಣಿ ಹತ್ತಿ ಅಟ್ಟದಲ್ಲಿ ಎದ್ದು ನಿಲ್ಲಲು ಹೋದರು, ತೊಲೆ ಹಣೆಗೆ ಬಡಿಯಿತು. ನಮ್ಮ ಕಡೆಯ ಮೊದಲ ಸಾಕ್ಷಿ ಆ ತೊಲೆಯೇ. ಅಕ್ಕ ಎಣ್ಣೆ ಅರಿಶಿನ ಹಚ್ಚಿ, ಊಟ ಬಡಿಸಿ ಕಳಿಸಿದಳು. ಅದು ಲಂಚವೋ ಉಪಚಾರವೋ ಎಂದು ನಾನೂ ಭಾವನೂ ಇವತ್ತಿಗೂ ವಾದಿಸುತ್ತೇವೆ.

ಲೆಕ್ಕದಿಂದ ಅಟ್ಟ ಹೋಯಿತು. ತಗಡಿನ ಮಾಡು ಹೋಯಿತು. ಬೋರ್ಡಿನ ವಿಷಯಕ್ಕೆ ಬಂದಾಗ ಅವರು, ‘ಅಮ್ಮಾ, ಇದನ್ನು ತೆಗೆದುಬಿಡಿ, ನಮಗೂ ಸುಲಭ’ ಎಂದರು. ಅಕ್ಕ ಒಪ್ಪಲಿಲ್ಲ. ‘ಮಾರುವುದು ಹೌದು. ಮಾರುವ ಕೋಣೆ ಇದೊಂದೇ, ಹತ್ತಕ್ಕೆ ಹನ್ನೆರಡು ಅಡಿ. ಇದಕ್ಕೆ ಅಂಗಡಿಯ ಲೆಕ್ಕ ಹಾಕಿ, ಕೊಡುತ್ತೇನೆ. ನಾನು ಮಲಗುವ ಕೋಣೆಯಲ್ಲಿ ಉಪ್ಪಿನಕಾಯಿ ಮಾರುವುದಿಲ್ಲ.’ ಅಷ್ಟೇ ಹಾಕಿದರು. ಆ 120 ಚದರಡಿಗೆ ಅವಳು ಇಂದಿಗೂ ವಾಣಿಜ್ಯ ದರ ಕಟ್ಟುತ್ತಾಳೆ, ಹೆಮ್ಮೆಯಿಂದ.

ನಗುತ್ತಿದ್ದೀರಿ. ಈಗ ನನ್ನ ಸರದಿ. ಅಕ್ಕನ ಮನೆಯಿಂದ ಬಂದವನು ನನ್ನದೇ ಫಾರ್ಮು ತೆಗೆದು ನೋಡಿದೆ. ಚದರ ಮೀಟರಿನ ಅಂಕಣದಲ್ಲಿ 1200 ಎಂದು ಬರೆದಿದ್ದೆ. ನನ್ನ ಮನೆ 1200 ಚದರಡಿ, ಅಂದರೆ ಹೆಚ್ಚುಕಡಿಮೆ 111 ಚದರ ಮೀಟರ್. ನಾನು ಬರೆದದ್ದು ಸುಮಾರು 12,900 ಚದರಡಿಯ ಅರಮನೆ. ಮೂವತ್ತು ವರ್ಷ ಮಕ್ಕಳಿಗೆ ‘ಮಾನ ಬರೆಯದ ಉತ್ತರಕ್ಕೆ ಅರ್ಧ ಅಂಕ’ ಎಂದು ಕಿವಿ ಹಿಂಡಿದವನು! ಪುಣ್ಯಕ್ಕೆ ಅದು ಕೈಯಲ್ಲಿದ್ದ ಕರಡು ಪ್ರತಿ, ಕೊಟ್ಟಿರಲಿಲ್ಲ. ಚದರಡಿಯನ್ನು ಚದರ ಮೀಟರಿಗೆ ತರಲು 10.76ರಿಂದ ಭಾಗಿಸಿ. ಗುಂಟೆಯಲ್ಲಿ ಲೆಕ್ಕ ಇಟ್ಟವರು ಗುಂಟೆಗೆ 101 ಚದರ ಮೀಟರ್ ಎಂದು ಹಿಡಿಯಿರಿ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಐದು ಅಂಶ ಬರೆದುಕೊಂಡು ಬಂದಿದ್ದೆ, ಇನ್ನೂ ಎರಡನೆಯದರಲ್ಲೇ ಇದ್ದೇನೆ.

ಹೆದ್ದಾರಿ ಬದಿಯವರು ಗಮನಿಸಿ. ಚತುಷ್ಪಥಕ್ಕೆ ಜಾಗ ಹೋಗಿದೆ, ಕೆಲವರ ಜಗಲಿಯೇ ಹೋಗಿದೆ. ಹೋದ ಜಾಗ ನಿಮ್ಮ ತೆರಿಗೆಯ ಲೆಕ್ಕದಿಂದಲೂ ಹೋಗಿದೆಯೇ ನೋಡಿ. ಇಲ್ಲದಿದ್ದರೆ ರಾಷ್ಟ್ರೀಯ ಹೆದ್ದಾರಿಯ ಒಂದು ತುಂಡಿಗೆ ನೀವು ಮನೆ ತೆರಿಗೆ ಕಟ್ಟುತ್ತಿದ್ದೀರಿ. ಭೂಸ್ವಾಧೀನದ ಕಾಗದದ ಪ್ರತಿ ಲಗತ್ತಿಸಿ, ಅಳತೆ ತಿದ್ದಿಸಿ. ನೋಡಿ, ಮತ್ತೆ ಅಳತೆಗೇ ಬಂದೆ.

ಮೂರನೆಯದು ಬಹಳ ಮುಖ್ಯ. ಬಾಯಿಮಾತಿನಲ್ಲಿ ‘ಆಗುವುದಿಲ್ಲ’ ಎಂದರೆ ಎದ್ದು ಬರಬೇಡಿ. ಅರ್ಜಿಯನ್ನು ಟಪಾಲಿನಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು ಮತ್ತು ತಾರೀಕು ಹಾಕಿಸಿ. ಉತ್ತರವನ್ನು ಹಿಂಬರಹವಾಗಿ ಬರವಣಿಗೆಯಲ್ಲಿ ಕೇಳಿ. ಮೇಲ್ಮನವಿ ಮಾಡುವುದು ಆ ಕಾಗದದ ಮೇಲೆ. ಬಾಯಿಮಾತಿನ ಮೇಲೆ ಯಾರೂ ಮೇಲ್ಮನವಿ ತೆಗೆದುಕೊಳ್ಳುವುದಿಲ್ಲ. ಗಡುವು ನಿಮ್ಮ ಕೈಗೆ ಕಾಗದ ಬಂದ ದಿನದಿಂದ ಓಡುತ್ತದೆ, ಲಕೋಟೆಯನ್ನೂ ಎಸೆಯಬೇಡಿ. ಕಡತದ ಪ್ರತಿ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ: 10 ರೂಪಾಯಿ, 30 ದಿನ, ಒಂದೇ ವಿಷಯ, 150 ಶಬ್ದಗಳ ಒಳಗೆ. ಅಕ್ಕನಿಗೆ ಈ 150 ಶಬ್ದದ ನಿಯಮ ತಿಳಿದಾಗ, ‘ಇದನ್ನು ನಿನ್ನ ಭಾಷಣಕ್ಕೂ ಹಾಕಬೇಕಿತ್ತು’ ಎಂದಳು.

ನಾಲ್ಕನೆಯದು ಮನೆಯ ವಯಸ್ಸು. ಹಳೆಯ ಕಟ್ಟಡಕ್ಕೆ ಸವಕಳಿ ಉಂಟು, ಕಟ್ಟಿದ ವರ್ಷವನ್ನು ಸರಿಯಾಗಿ ಬರೆಯಿರಿ. ಐದನೆಯದು ಇ-ಆಸ್ತಿ, ಅಂದರೆ ಆಸ್ತಿಯ ಕಂಪ್ಯೂಟರ್ ದಾಖಲೆ, ಮತ್ತು ಅದರ ನಮೂನೆ 3. ಅದು ಇನ್ನೊಂದು ದಿನದ ಉಪನ್ಯಾಸ. ಸದಾಶಿವಗಡದ ಕಡೆಯವರಿಗೆ ಬಸ್ಸಿನ ಹೊತ್ತಾಯಿತು ಎಂದು ಚೀಟಿ ಬಂದಿದೆ.

ನನ್ನ ಕೈಯಲ್ಲಿರುವ ಈ ಟೇಪನ್ನು ಇಲ್ಲೇ ಮೇಜಿನ ಮೇಲೆ ಬಿಟ್ಟು ಹೋಗುತ್ತೇನೆ. ಮೂವತ್ತು ಮೀಟರಿನದು. ಯಾರು ಬೇಕಾದರೂ ಒಯ್ಯಿರಿ, ಗ್ರಂಥಪಾಲರ ವಹಿಯಲ್ಲಿ ಹೆಸರು ಬರೆದು. ಸೋಮವಾರ ವಾಪಸು ಬರಬೇಕು, ಸಾಲಿನಲ್ಲಿ ಇನ್ನೂ ಇಬ್ಬರಿದ್ದಾರೆ. ಒಂದು ಬದಿಯಲ್ಲಿ ಅಡಿ ಇದೆ, ಇನ್ನೊಂದು ಬದಿಯಲ್ಲಿ ಮೀಟರ್. ನೀವು ನೋಡಬೇಕಾದದ್ದು ಮೀಟರಿನ ಬದಿ.