ಬಿಸಿಯಾದ ಮೇಲೆ ಬೀಳುವ ಮುಳ್ಳು

ಕೇಳುಗರಿಗೆ ನಮಸ್ಕಾರ.

ಶಹಾಬಾದಿನಿಂದ ಪರಸಿ ಕಲ್ಲು ಹೇರಿಕೊಂಡ ಹಳೆಯ ಲಾರಿಯೊಂದು ಮೇ ತಿಂಗಳ ಮಧ್ಯಾಹ್ನ ಕಲಬುರಗಿಯ ರಿಂಗ್ ರೋಡಿಗೆ ಬಂದು ನಿಂತಿದೆ ಅನ್ನಿ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಆಯಿಲ್ ಒತ್ತಡದ ಮುಳ್ಳು ಚದರ ಸೆಂಟಿಮೀಟರಿಗೆ 4 ಕೆಜಿ ತೋರಿಸಿತ್ತು. ಈಗ ಸ್ಲೋನಲ್ಲಿ, ಅಂದರೆ ರೇಸ್ ಕೊಡದೆ ಎಂಜಿನ್ ಓಡುವಾಗ, ಅರ್ಧ ಕೆಜಿಗೂ ಏಳುತ್ತಿಲ್ಲ. ಪಂಪು ಹೋಗಿದೆ ಅಂತಾನೆ ಡ್ರೈವರ್. ದಪ್ಪ ಆಯಿಲ್ ಹಾಕ್ರಿ ಅಂತಾರೆ ಮಾಲೀಕರು. ಎಂಜಿನ್ ಕೆಳಗಿನ ಆಯಿಲ್ ಚೇಂಬರ್ ಬಿಚ್ಚಿಬಿಡೋಣ ಅಂತಾನೆ ಮಿಸ್ತ್ರಿ. ಮೂವರಲ್ಲಿ ಒಬ್ಬರೂ ಇನ್ನೂ ಏನನ್ನೂ ಅಳತೆ ಮಾಡಿಲ್ಲ.

ಒಂದು ಮಾತು ಮೊದಲೇ ತಿಳಿದಿರಲಿ. ಆಯಿಲ್ ಪಂಪು ಒತ್ತಡ ಹುಟ್ಟಿಸುವುದಿಲ್ಲ, ಆಯಿಲನ್ನು ತಳ್ಳುತ್ತದೆ, ಅಷ್ಟೇ. ತಳ್ಳಿದ ಆಯಿಲ್ ಬೇರಿಂಗಿನ ಸಂದಿಯಿಂದ ಸುಲಭವಾಗಿ ಹೊರಬೀಳದಂತೆ ತಡೆ ಇದ್ದರೆ ಮಾತ್ರ ಒತ್ತಡ ಬರುತ್ತದೆ. ಹೊಲದಲ್ಲಿ ಸ್ಪ್ರಿಂಕ್ಲರ್ ನಡೆಸುವವರಿಗೆ ಇದು ಗೊತ್ತು: ಮೋಟರು ಚೆನ್ನಾಗಿದ್ದರೂ ನಾಲ್ಕು ಜಾಯಿಂಟು ಸೋರಿದರೆ ತುದಿಯಲ್ಲಿ ನೀರು ಹಾರುವುದಿಲ್ಲ. ಹೊಸ ಮೇನ್ ಬೇರಿಂಗಿಗೂ ಅದರೊಳಗೆ ತಿರುಗುವ ಕ್ರ್ಯಾಂಕ್ ಶಾಫ್ಟಿಗೂ ನಡುವಿನ ಸಂದಿ ಹೆಚ್ಚುಕಡಿಮೆ ಒಂದು ಕೂದಲೆಳೆಯಷ್ಟು. ಅದು ಎರಡು ಪಟ್ಟಾದರೆ ಸೋರಿಕೆಯೂ ಎರಡು ಪಟ್ಟು ಅಂದುಕೊಳ್ಳಬೇಡಿ. ಎಂಟು ಪಟ್ಟಿನ ಹತ್ತಿರ ಹೋಗುತ್ತದೆ. ಅದರ ಮೇಲೆ ನಮ್ಮ ಕಡೆಯ ಬಿಸಿಲಿಗೆ ಕಾದ ಆಯಿಲ್ ನೀರಿನಂತೆ ತೆಳ್ಳಗಾದಾಗ ಮುಳ್ಳು ಬೀಳದೆ ಇನ್ನೇನಾದೀತು?

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆಯಿರಿ. ಕಡಿಮೆ ಇದ್ದರೆ ತುಂಬಿಸಬೇಕು, ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಹುಷಾರಾಗಿರಬೇಕಾದದ್ದು ಹೆಚ್ಚಾದಾಗ. ಯಾರೂ ಆಯಿಲ್ ಹಾಕದೆ ಮಟ್ಟ ಏರಿದ್ದರೆ ಒಳಗೆ ಡೀಸೆಲ್ಲೋ ನೀರೋ ಸೇರುತ್ತಿದೆ. ಒಂದು ಹನಿಯನ್ನು ಹಳೆಯ ಪೇಪರಿನ ಮೇಲೆ ಬಿಟ್ಟು ಸ್ವಲ್ಪ ಹೊತ್ತು ಕಾಯಿರಿ. ನಡುವಿನ ಕಪ್ಪು ಕಲೆಯ ಸುತ್ತ ತಿಳಿಯಾದ ಅಗಲ ಉಂಗುರ ಹರಡಿ ಡೀಸೆಲ್ ವಾಸನೆ ಬಂದರೆ ಫೀಡ್ ಪಂಪು, ಇಂಜೆಕ್ಟರಿನ ಲೀಕ್-ಆಫ್ ಪೈಪುಗಳ ಕಡೆ ನೋಡಿ. ಹಾಲು ಬೆರೆತ ಚಹದ ಬಣ್ಣ ಕಂಡರೆ ನೀರು. ಇವೆರಡರಲ್ಲಿ ಯಾವುದಿದ್ದರೂ ಆ ಆಯಿಲಿನ ಮೇಲೆ ಒತ್ತಡ ಅಳೆದು ಪ್ರಯೋಜನವಿಲ್ಲ.

ಮುಂದೆ ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬುವುದು ಬಿಡಿ. ಇಪ್ಪತ್ತು ವರ್ಷದ ಗಾಡಿಯಲ್ಲಿ ಮುಳ್ಳಿಗೆ ಒತ್ತಡ ತಿಳಿಸುವ ಸೆಂಡರ್ ಸತ್ತಿರಬಹುದು, ವೈರು ಬಾಡಿಗೆ ತಾಗುತ್ತಿರಬಹುದು, ಅರ್ಥಿಂಗ್ ತುಕ್ಕು ಹಿಡಿದಿರಬಹುದು. ಬ್ಲಾಕಿನೊಳಗಿನ ಮುಖ್ಯ ಆಯಿಲ್ ದಾರಿಯಾದ ಮೇನ್ ಗ್ಯಾಲರಿಯ ಮೇಲಿನ ಸೆಂಡರ್ ಬಿಚ್ಚಿ ಅದೇ ತೂತಿಗೆ ನೇರವಾಗಿ ಮೆಕ್ಯಾನಿಕಲ್ ಗೇಜ್ ಹಾಕಿ. ಆಟೆ, ಅಂದರೆ ಥ್ರೆಡ್, ಹೊಂದದಿದ್ದರೆ ಅಡಾಪ್ಟರ್ ತನ್ನಿ. ಪಾನಾ ಹಾಕಿ ಜೋರು ಮಾಡಿದರೆ ಬ್ಲಾಕಿನ ಆಟೆಯೇ ಹಾಳಾಗುತ್ತದೆ. ಕೆಂಪು ದೀಪ ಮಾತ್ರ ಇರುವ ಗಾಡಿಯವರಿಗೆ ಇನ್ನೊಂದು ಮಾತು: ಒತ್ತಡ ಸುಮಾರು ಅರ್ಧ ಕೆಜಿಗಿಂತ ಕೆಳಗಿಳಿದ ಮೇಲೆಯೇ ಆ ದೀಪ ಹತ್ತುವುದು. ಓಡುವಾಗ ಹತ್ತಿತೆಂದರೆ ಬದಿಗೆ ಹಾಕಿ ಎಂಜಿನ್ ಬಂದ್ ಮಾಡಲೇಬೇಕು.

ಗೇಜ್ ಹಾಕಿ ತಂಪು ಎಂಜಿನ್ನಿನ ಸ್ಲೋ ಒತ್ತಡ ಬರೆದುಕೊಳ್ಳಿ. ಆಮೇಲೆ ಗಾಡಿಯನ್ನು ಅರ್ಧ ಗಂಟೆ ಓಡಿಸಿ, ನೀರಿನ ಬಿಸಿ 80 ಡಿಗ್ರಿ ದಾಟಿದ ಮೇಲೆ ಮತ್ತೆ ಸ್ಲೋನಲ್ಲಿ, 1500 ಆರ್‌ಪಿಎಂನಲ್ಲಿ, ಫುಲ್ ರೇಸಿನಲ್ಲಿ ಅಳೆಯಿರಿ. ಸ್ಲೋ ಎಷ್ಟಿದೆಯೆಂದೂ ನೋಡಿಕೊಳ್ಳಿ. 600 ಇರಬೇಕಾದದ್ದು 400ಕ್ಕೆ ಇಳಿದಿದ್ದರೆ ಅರ್ಧ ದೋಷ ಅಲ್ಲೇ ಇದೆ. ಗಾಡಿಯ ಪುಸ್ತಕ ಕೈಯಲ್ಲಿದ್ದರೆ ಅದರ ಅಂಕಿಯೇ ಪ್ರಮಾಣ. ಇಲ್ಲದಿದ್ದರೆ ಮಿಸ್ತ್ರಿಗಳ ಹಳೆಯ ಲೆಕ್ಕ ಇದೆ: ಬಿಸಿ ಎಂಜಿನ್ನಿಗೆ ಪ್ರತಿ 1000 ಆರ್‌ಪಿಎಂಗೆ ಚದರ ಇಂಚಿಗೆ ಕನಿಷ್ಠ 10 ಪೌಂಡು. 14 ಪೌಂಡೆಂದರೆ ಸುಮಾರು 1 ಕೆಜಿ.

ಈ ನಾಲ್ಕು ಅಂಕಿಗಳೇ ದೋಷ ಎಲ್ಲಿದೆಯೆಂದು ಹೇಳುತ್ತವೆ. ತಂಪಿದ್ದಾಗ ಚೆನ್ನಾಗಿದ್ದು, ಬಿಸಿಯಾದಾಗ ಸ್ಲೋನಲ್ಲಿ ಬಿದ್ದು, ರೇಸ್ ಕೊಟ್ಟಾಗ ಏಳುತ್ತದೆಯೇ? ಬೇರಿಂಗ್ ಸವೆದಿದೆ, ಇಲ್ಲವೇ ಆಯಿಲ್ ತೆಳುವಾಗಿದೆ. ತಂಪಿದ್ದಾಗಲೂ ಕಡಿಮೆ, ರೇಸ್ ಕೊಟ್ಟರೂ ಏಳುವುದಿಲ್ಲ ಅಂದರೆ ಹೆಚ್ಚಾದ ಒತ್ತಡ ಹೊರಬಿಡುವ ರಿಲೀಫ್ ವಾಲ್ವ್ ತೆರೆದೇ ಸಿಕ್ಕಿಕೊಂಡಿರಬಹುದು, ಪಂಪು ಸವೆದಿರಬಹುದು. ರೇಸ್ ಕೊಟ್ಟಾಗ ಏರಿ, ಇನ್ನೂ ಕೊಟ್ಟಾಗ ಇಳಿದರೆ ಚೇಂಬರಿನೊಳಗಿನ ಜಾಳಿಗೆ ಕಟ್ಟಿಕೊಂಡು ಪಂಪಿಗೆ ಆಯಿಲ್ ಸಾಲುತ್ತಿಲ್ಲ. ಮುಳ್ಳು ನಡುಗುತ್ತಿದ್ದರೆ ಪಂಪು ಗಾಳಿ ಎಳೆಯುತ್ತಿದೆ. ಹೀರುವ ಪೈಪಿನ ಫ್ಲಾಂಜ್ ಪ್ಯಾಕಿಂಗು ಮತ್ತು ಬೆಸುಗೆ ಸೀಳಿದ ಜಾಗ ನೋಡಿ. ಬಡಿತದ ಶಬ್ದದ ಜೊತೆ ಒಮ್ಮೆಲೇ ಬಿದ್ದರೆ ಮತ್ತೆ ಸ್ಟಾರ್ಟ್ ಮಾಡಬೇಡಿ.

ರಿಲೀಫ್ ವಾಲ್ವ್ ಬಹಳ ಎಂಜಿನ್ನುಗಳಲ್ಲಿ ಸುಲಭಕ್ಕೆ ಸಿಗುತ್ತದೆ. ಪ್ಲಂಜರ್ ತೆಗೆದು ಡೀಸೆಲ್ಲಿನಲ್ಲಿ ತೊಳೆದು ಮತ್ತೆ ತೂತಿಗೆ ಬಿಟ್ಟರೆ ತನ್ನ ಭಾರಕ್ಕೇ ಜಾರಿ ಇಳಿಯಬೇಕು. ಸೀಟಿನ ಮೇಲೆ ಗೀರು ಇರಬಾರದು. ಇಲ್ಲಿ ಒಂದು ಕೆಟ್ಟ ರೂಢಿ ಇದೆ: ಸ್ಪ್ರಿಂಗ್ ಹಿಂದೆ ಎರಡು ವಾಷರ್ ಇಟ್ಟು ಒತ್ತಡ ಏರಿಸುವುದು. ಸ್ಲೋನಲ್ಲಿ ಒತ್ತಡ ಕಡಿಮೆ ಇರುವಾಗ ಆ ವಾಲ್ವ್ ಹೇಗೂ ಮುಚ್ಚಿಯೇ ಇರುತ್ತದೆ. ಮುಚ್ಚಿದ ಬಾಗಿಲಿಗೆ ಇನ್ನೊಂದು ಚಿಲಕ ಹಾಕಿದಂತೆ ಅದು. ಬೆಳಗಿನ ತಂಪು ಸ್ಟಾರ್ಟಿನಲ್ಲಿ ಮಾತ್ರ ಒತ್ತಡ ಅತಿಯಾಗಿ ಫಿಲ್ಟರಿನ ಪ್ಯಾಕಿಂಗ್ ಒಡೆಯುತ್ತದೆ.

ಚೇಂಬರ್ ಇಳಿಸುವ ಮುಂಚೆ ಹಳೆಯ ಫಿಲ್ಟರ್ ಎಲಿಮೆಂಟನ್ನು ಬ್ಲೇಡಿನಿಂದ ಕೊಯ್ದು ಕಾಗದದ ಮಡಿಕೆ ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಅಯಸ್ಕಾಂತಕ್ಕೆ ಅಂಟುವ ಚೂರು ಕಬ್ಬಿಣ. ಅಂಟದೆ ತಾಮ್ರದ ಬಣ್ಣದಲ್ಲಿ ಮಿನುಗುವ ಪುಡಿ ಇದ್ದರೆ ಬೇರಿಂಗಿನ ಮೇಲ್ಪದರ ಹೋಗಿ ಒಳಗಿನ ಪದರ ತೇಯುತ್ತಿದೆ, ಅಥವಾ ಯಾವುದೋ ಬುಷ್ ಹೋಗಿದೆ. ಕೈಗೆ ಮರಳು ಮರಳಾಗಿ ಸಿಕ್ಕರೆ ಏರ್ ಫಿಲ್ಟರ್ ಕಡೆ ತಿರುಗಿ. ಸೇಡಂ ಕಡೆ ಸಿಮೆಂಟು, ಶಹಾಬಾದ್ ಕಡೆ ಕಲ್ಲಿನ ಹುಡಿ, ಸುಗ್ಗಿಯಲ್ಲಿ ತೊಗರಿ ಹೊಟ್ಟು. ಇಲ್ಲಿ ಓಡುವ ಗಾಡಿಗೆ ಆಯಿಲ್ ಬಾತ್ ಏರ್ ಫಿಲ್ಟರಿನ ಕೆಸರು ತೆಗೆಯಲಿಕ್ಕೆ ಪುಸ್ತಕದ ಕಿಲೋಮೀಟರ್ ಕಾಯುವುದು ತಪ್ಪು.

ಈಗ ಚೇಂಬರ್ ಇಳಿಸಿ. ಜಾಳಿಗೆಯಲ್ಲಿ ಬಹಳ ಸಲ ಸಿಗುವುದು ಪ್ಯಾಕಿಂಗಿಗೆ ಧಾರಾಳವಾಗಿ ಬಳಿದ ಸಿಲಿಕಾನ್ ಪೇಸ್ಟಿನ ಎಳೆಗಳು. ಸಾಧ್ಯವಿದ್ದರೆ ಬೇರಿಂಗ್ ಬಿಚ್ಚದೆಯೇ ಒಂದು ಪರೀಕ್ಷೆ ಮಾಡಿ. ಇದಕ್ಕೆ ಸಮಯ ಕೊಟ್ಟರೆ ನಷ್ಟವಿಲ್ಲ. ಒತ್ತಡ ತಡೆಯುವ ಮುಚ್ಚಿದ ಡಬ್ಬಿಯೊಂದಕ್ಕೆ ಐದು ಲೀಟರ್ ಆಯಿಲ್ ತುಂಬಿ, ಕಂಪ್ರೆಸರಿನಿಂದ 2 ಕೆಜಿ ಗಾಳಿ ಕೊಟ್ಟು, ಗೇಜ್ ಹಾಕಿದ್ದ ತೂತಿನಿಂದಲೇ ಗ್ಯಾಲರಿಗೆ ಬಿಡಿ. ಕೆಳಗೆ ಮಲಗಿ ಟಾರ್ಚ್ ಹಿಡಿದು ನೋಡಿ. ಸರಿಯಿರುವ ಬೇರಿಂಗಿನ ಅಂಚಿನಿಂದ ಆಯಿಲ್ ಹನಿಹನಿಯಾಗಿ ತೊಟ್ಟಿಕ್ಕುತ್ತದೆ. ಸವೆದದ್ದರಿಂದ ನೂಲಿನಂತೆ ಎಳೆ ಕಟ್ಟಿ ಸುರಿಯುತ್ತದೆ. ಕ್ರ್ಯಾಂಕನ್ನು ನಿಧಾನ ತಿರುಗಿಸುತ್ತ ನೋಡಬೇಕು, ಏಕೆಂದರೆ ತೂತುಗಳು ಕೂಡುವ ಒಂದು ಜಾಗದಲ್ಲಿ ಒಳ್ಳೆಯ ಬೇರಿಂಗ್ ಕೂಡ ಹೆಚ್ಚು ಸುರಿಸುತ್ತದೆ. ಕ್ಯಾಮ್ ಬುಷ್, ಗ್ಯಾಲರಿ ಪ್ಲಗ್ಗುಗಳು ಸೋರಿದರೂ ಇಲ್ಲೇ ಸಿಕ್ಕಿಬೀಳುತ್ತವೆ. ಬೇರಿಂಗ್ ಮಾತ್ರ ಬದಲಿಸಿ ಪ್ಲಗ್ ಬಿಟ್ಟರೆ ಖರ್ಚು ನೀರಿಗೆ ಹಾಕಿದಂತೆ.

ಬೇರಿಂಗ್ ಹೋಗಿರುವುದು ಖಚಿತವಾದರೆ ಹಳೆಯ ಕ್ರ್ಯಾಂಕಿಗೆ ಹೊಸ ಶೆಲ್, ಅಂದರೆ ಬೇರಿಂಗಿನ ಅರೆವೃತ್ತದ ಚಿಪ್ಪು, ಸುಮ್ಮನೆ ಕೂರಿಸಬೇಡಿ. ಕ್ರ್ಯಾಂಕಿನಲ್ಲಿ ಬೇರಿಂಗ್ ಕೂರುವ ಭಾಗವಾದ ಜರ್ನಲ್ಲನ್ನು ಮೈಕ್ರೋಮೀಟರಿನಿಂದ ಎರಡು ದಿಕ್ಕಿನಲ್ಲಿ ಅಳೆಯಿರಿ. ಅಂಡಾಕಾರಕ್ಕೆ ತಿರುಗಿದ್ದರೆ ಗ್ರೈಂಡಿಂಗ್ ಮಾಡಿಸಿ 0.25 ಅಥವಾ 0.50 ಮಿಲಿಮೀಟರ್ ಅಂಡರ್‌ಸೈಜ್ ಶೆಲ್ ಹಾಕಬೇಕು. ಗ್ರೈಂಡಿಂಗಿನಿಂದ ಬಂದ ಕ್ರ್ಯಾಂಕಿನ ಆಯಿಲ್ ತೂತುಗಳಿಗೆ ತಂತಿ ಬ್ರಷ್ ಹಾಕಿ, ಡೀಸೆಲ್ ಬಿಟ್ಟು, ಗಾಳಿ ಊದಿ. ಅಲ್ಲಿ ಉಳಿದ ಹುಡಿ ಹೊಸ ಶೆಲ್ಲನ್ನು ಮೊದಲ ದಿನವೇ ಗೀರುತ್ತದೆ. ಪಂಪು ಕೈಯಲ್ಲಿರುವಾಗಲೇ ಗೇರಿನ ಮೇಲೆ ಸ್ಕೇಲ್ ಇಟ್ಟು ಸಂದಿ ಅಳೆಯುವ ಫೀಲರ್ ಗೇಜಿನ ಎಲೆ ತೂರಿಸಿ. 0.15 ಮಿಲಿಮೀಟರಿನ ಎಲೆ ಸಡಿಲವಾಗಿ ಹೋದರೆ ಪಂಪಿನ ಮೇಲೂ ಸಂಶಯ ಇಡಿ.

ಜೋಡಿಸುವಾಗ ಪಂಪಿನೊಳಗೆ ಆಯಿಲ್ ತುಂಬಿ. ಒಣ ಗೇರು ಚೇಂಬರಿನಿಂದ ಆಯಿಲ್ ಎಳೆಯುವುದಿಲ್ಲ. ಡೀಸೆಲ್ ಬಂದ್ ಇಟ್ಟು ಹತ್ತು ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಿರಿ, ನಡುವೆ ಮೋಟರಿಗೆ ಒಂದು ನಿಮಿಷ ಬಿಡುವು ಕೊಡಿ. ಗೇಜಿನ ಮುಳ್ಳು ಅಲುಗಿದ ಮೇಲೆ ಮಾತ್ರ ಡೀಸೆಲ್ ಬಿಡಿ. ತಂಪಿದ್ದಾಗ ಒಂದು, ಬಿಸಿಯಾದಾಗ ಮೂರು, ಹೀಗೆ ಆ ನಾಲ್ಕು ಅಂಕಿಗಳನ್ನು ಮತ್ತೆ ಅಳೆದು, ತಾರೀಖಿನ ಜೊತೆ ಡ್ರೈವರ್ ಬಾಗಿಲಿನ ಒಳಗಡೆ ಪೇಂಟಿನಲ್ಲಿ ಬರೆದಿಡಿ. ಮುಂದಿನ ಬೇಸಿಗೆಯಲ್ಲಿ ಮುಳ್ಳು ಇಳಿದರೆ ಹೋಲಿಸಿ ನೋಡಲಿಕ್ಕೆ ಅವೇ ಬೇಕಾಗುತ್ತವೆ. ನಮಸ್ಕಾರ.